ಏಳು ಓಟಿನಿಂದ ಸೋತ ಸಿಸ್ಟರ್

ಅವರ ತಲೆಯಲ್ಲಿ ಯಾವಾಗಲೂ ಎರಡು ಪೆನ್ನು ಇರುತ್ತಿದ್ದವು. ಕಿವಿಯ ಹಿಂದೆ ಅಲ್ಲ, ಕೂದಲಿನ ಒಳಗೆ. ಒತ್ತೊತ್ತಾಗಿ ಸುರುಳಿ ಸುತ್ತಿಕೊಂಡ, ಬಾಚಣಿಗೆಗೆ ಬಗ್ಗದ ಕೂದಲು ಅದು. ಪೆನ್ನು ಸಿಕ್ಕಿಸಿದರೆ ಗೋಡೆಗೆ ಮೊಳೆ ಹೊಡೆದ ಹಾಗೆ ನಿಲ್ಲುತ್ತಿತ್ತು. ಒಂದು ನೀಲಿ, ಒಂದು ಕೆಂಪು. ವಾರ್ಡಿನಲ್ಲಿ ನರ್ಸ್ ಆಗಿ ಇಡೀ ಜನ್ಮ ಕಳೆದವರ ಅಭ್ಯಾಸ. ರೇಷ್ಮೆ ಸೀರೆಯುಟ್ಟು ದೀಪ ಹಚ್ಚುವ ದಿನವೂ ಆ ಪೆನ್ನುಗಳು ಅಲ್ಲೇ ಇರುತ್ತಿದ್ದವು. ಸಂಘದ ಫೋಟೋಗಳನ್ನು ಈಗ ತೆಗೆದು ನೋಡಿದರೂ ಕಾಣುತ್ತವೆ. ಆದರೆ ಹುಡುಕಬೇಕು. ಅವರು ಯಾವ ಫೋಟೋದಲ್ಲೂ ನಡುವೆ ನಿಂತವರಲ್ಲ.

ಎಲ್ಲರೂ ಅವರನ್ನು ಸಿಸ್ಟರ್ ಅನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ.

ಮೊದಲ ಸಲ ನೋಡಿದಾಗ ನಾನು ಸಿಡ್ನಿಗೆ ಬಂದು ಎರಡು ತಿಂಗಳಾಗಿತ್ತು. ಕ್ವೇಕರ್ಸ್ ಹಿಲ್‌ನಲ್ಲಿ ರೆಂಟಿಗೆ ಮನೆ ಹಿಡಿದಿದ್ದೆವು. ಕನ್ನಡ ಸಂಘದ ರಾಜ್ಯೋತ್ಸವ ಇದೆ, ಹೋಗಿ ಬನ್ನಿ, ನಾಲ್ಕು ಜನ ಪರಿಚಯ ಆಗ್ತಾರೆ ಎಂದು ಪಕ್ಕದವರು ಹೇಳಿದ್ದರು. ಹೆಂಡತಿಯನ್ನು ಕರೆದುಕೊಂಡು ಹೋದೆ. ಫಂಕ್ಷನ್ ಹಾಲಿನ ಬಾಗಿಲಲ್ಲಿ ಮೇಜು ಹಾಕಿಕೊಂಡು ಕಪ್ಪಗಿನ, ಎತ್ತರದ ಹೆಂಗಸೊಬ್ಬರು ಇಳಕಲ್ ಸೀರೆಯುಟ್ಟು ಕೂತಿದ್ದರು. ಯಾರೋ ಆಫ್ರಿಕಾದವರು, ಹಾಲ್ ನೋಡಿಕೊಳ್ಳುವವರಿರಬೇಕು, ಹಬ್ಬ ಅಂತ ಸೀರೆ ಉಡಿಸಿದ್ದಾರೆ ಅಂದುಕೊಂಡೆ. ನನಗೆ ಗೊತ್ತಿದ್ದ ಇಂಗ್ಲಿಷನ್ನೆಲ್ಲ ಒಟ್ಟುಮಾಡಿ, “ಮೇಡಂ, ಕನ್ನಡ ಫಂಕ್ಷನ್ ವೇರ್?” ಅಂದೆ.

“ಇಲ್ಲೇ ಐತಿ ತಮ್ಮಾ. ಇಂಗ್ಲಿಷಿನ್ಯಾಗ ಯಾಕ ಬೆವರ್ತಿ? ಹೆಸರ್ ಹೇಳು, ಊಟದ ಟೋಕನ್ ತಗೋ.”

ಹೆಂಡತಿ ಕಿಸಕ್ಕನೆ ನಕ್ಕಳು. ನನಗೆ ನಗು ಬರಲಿಲ್ಲ. ನಾಲ್ಕು ಮಾತು ಬಾಯಿಪಾಠ ಮಾಡಿಸಿ ಬಾಗಿಲಲ್ಲಿ ಕೂರಿಸಿದ್ದಾರೆ ಅನ್ನಿಸಿತು. ಪರೀಕ್ಷೆ ಮಾಡಿಯೇ ಬಿಡೋಣ ಎಂದು ಕೇಳಿದೆ.

“ಯಾವೂರಾಯ್ತು ಮೇಡಂ ತಮ್ಮದು?”

“ಹಳಿಯಾಳ.”

“ಅಲ್ಲಿ ನಿಮ್ಮಂಥೋರು ಇದಾರಾ?”

“ನಮ್ಮಂಥೋರು ಮುತ್ತಜ್ಜನ ಮುತ್ತಜ್ಜನ ಕಾಲದಿಂದ ಅಲ್ಲೇ ಅದಾರ. ನಿನ್ನಂಥೋರು ಯಾವೂರಾಗ ಅದಾರ, ಅದನ್ನ ಇಲ್ಲಿ ಬರಿ.” ತಲೆಯಿಂದ ನೀಲಿ ಪೆನ್ನು ಕಿತ್ತು ನನ್ನ ಕೈಗೆ ಕೊಟ್ಟರು.

ಅವರು ಸಿದ್ದಿಯವರು. ಎಷ್ಟೋ ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ತಂದು ಮಾರಿದವರ ಮಕ್ಕಳ ಮಕ್ಕಳು ಉತ್ತರ ಕನ್ನಡದ ಕಾಡಿನ ಅಂಚಿನಲ್ಲಿ ಉಳಿದುಕೊಂಡಿದ್ದಾರೆ ಎಂಬುದು ನನಗೆ ಗೊತ್ತಾದದ್ದು ಆಸ್ಟ್ರೇಲಿಯಾಕ್ಕೆ ಬಂದ ಮೇಲೆ. ಅರಸೀಕೆರೆಯಲ್ಲಿ ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು, ಎಂಟನೇ ಕ್ಲಾಸಿನಲ್ಲಿ ಹೇಳಿಕೊಡುತ್ತಿದ್ದರೋ ಏನೋ. ಆದರೆ ಸಂಘದಲ್ಲಿದ್ದ ಡಬಲ್ ಡಿಗ್ರಿಯವರಿಗೂ ಅದು ಗೊತ್ತಿರಲಿಲ್ಲ. ಕಾನ್ವೆಂಟಿನ ಸಿಸ್ಟರುಗಳ ಕೈಯಲ್ಲಿ ಓದಿ, ಮಂಗಳೂರಿನಲ್ಲಿ ನರ್ಸಿಂಗ್ ಮಾಡಿ, ಮಸ್ಕತ್‌ನಲ್ಲಿ ದುಡಿದು, ನಾವೆಲ್ಲ ಬರುವ ಎಷ್ಟೋ ವರ್ಷ ಮುಂಚೆ ಇಲ್ಲಿಗೆ ಬಂದವರು ಅವರು. ಗಂಡ ತೀರಿಕೊಂಡಿದ್ದರು. ಒಬ್ಬಳೇ ಮಗಳು ಮೆಲ್ಬರ್ನಿನಲ್ಲಿದ್ದಳು.

ನಾನು ಯಾರನ್ನೂ ಮೊದಲ ನೋಟಕ್ಕೆ ನಂಬುವವನಲ್ಲ. ಟೈಲ್ ಕೆಲಸ ನನ್ನದು. ಎಷ್ಟೇ ಚೆಂದ ಕೂತಿರಲಿ, ರಸಮಟ್ಟ ಇಟ್ಟು ನೋಡದೆ, ಬೆರಳಿನ ಗಿಣ್ಣಿನಿಂದ ಕುಟ್ಟಿ ಟೊಳ್ಳು ಸದ್ದು ಬರುತ್ತದೋ ಎಂದು ಕೇಳದೆ ಮುಂದಿನ ಟೈಲಿಗೆ ಹೋಗುವುದಿಲ್ಲ. ಬೆಂಗಳೂರು, ದೋಹಾ, ಸಿಡ್ನಿ, ಮೂರೂ ಕಡೆ ನನ್ನ ಕೈಯಲ್ಲಿ ಕೂತ ಟೈಲು ಎದ್ದದ್ದಿಲ್ಲ. ಇದು ಜಂಬ ಅಂದರೆ ಜಂಬವೇ. ಮನುಷ್ಯರನ್ನೂ ಹಾಗೇ ಕುಟ್ಟಿ ನೋಡುವ ಚಟ ನನಗೆ. ಸಿಸ್ಟರನ್ನು ಎಂಟು ವರ್ಷ ಕುಟ್ಟಿ ನೋಡಿದೆ.

ಆ ಎಂಟು ವರ್ಷವೂ ಅವರು ಸಂಘದ ಕಾರ್ಯದರ್ಶಿ. ಹಾಲ್ ಬುಕ್ ಮಾಡುವುದು, ಕುರ್ಚಿ ಹಾಕಿಸುವುದು, ಯುಗಾದಿಗೆ ಬೇವು ಎಲ್ಲಿ ಸಿಗುತ್ತದೆಂದು ಪತ್ತೆ ಹಚ್ಚುವುದು, ಶನಿವಾರದ ಕನ್ನಡ ತರಗತಿಗೆ ಟೀಚರ್ ಬರದಿದ್ದರೆ ತಾವೇ ನಿಂತು ಅಕ್ಷರ ತಿದ್ದಿಸುವುದು. ಮಕ್ಕಳು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ ಕೇಳಿಸದವರಂತೆ ಕಿವಿಗೆ ಕೈಯಿಟ್ಟು ನಿಲ್ಲುತ್ತಿದ್ದರು. ಯಾರಾದರೂ ಕೆಲಸ ತಪ್ಪಿಸಿಕೊಳ್ಳಲು ನೋಡಿದರೆ, “ಕಾರಣ ಹೇಳ್ರಿ, ನೆಪ ಹೇಳಬ್ಯಾಡ್ರಿ,” ಅನ್ನುವರು. ಆ ಮಾತಿಗೆ ನಮ್ಮಲ್ಲಿ ಹೆದರದವರಿರಲಿಲ್ಲ.

ಒಂದು ಸಲ ಬೆಂಗಳೂರಿನಿಂದ ಒಬ್ಬ ಅತಿಥಿ ಬಂದಿದ್ದರು. ಸ್ಟೇಜಿನ ಹಿಂದೆ ಕಾಫಿ ಕುಡಿದು, ಖಾಲಿ ಕಪ್ಪನ್ನು ಸಿಸ್ಟರ ಕೈಗೆ ಕೊಟ್ಟು, “ಥ್ಯಾಂಕ್ಯೂ, ಒನ್ ಮೋರ್ ಪ್ಲೀಸ್, ಲೆಸ್ ಶುಗರ್,” ಅಂದರು. ನಾನು ಅಲ್ಲೇ ಕುರ್ಚಿ ಹೊರುತ್ತಿದ್ದೆ. ಸಿಸ್ಟರ್ ಕಪ್ ತೊಳೆದರು, ಇನ್ನೊಂದು ಕಾಫಿ ತಂದುಕೊಟ್ಟರು, ಸೆರಗು ಸರಿಮಾಡಿಕೊಂಡು ನೇರ ಸ್ಟೇಜಿಗೆ ಹೋಗಿ ಮೈಕಿನ ಮುಂದೆ ನಿಂತು ಅದೇ ಅತಿಥಿಗೆ ಸ್ವಾಗತ ಕೋರಿದರು. ಒಂದು ಇಂಗ್ಲಿಷ್ ಪದ ಬೆರೆಸದೆ ಹತ್ತು ನಿಮಿಷ. ಅತಿಥಿಯ ಕೈಯಲ್ಲಿ ಕಾಫಿ ಹಾಗೇ ಆರಿತು. ಎಲ್ಲರೂ ಚಪ್ಪಾಳೆ ಹೊಡೆದರು. ನಾನು ಮಾತ್ರ ಯೋಚನೆ ಮಾಡಿದೆ: ಮೊದಲೇ ಒಂದು ಮಾತು ಹೇಳಬಹುದಿತ್ತಲ್ಲ, ಜನರನ್ನು ನಾಚಿಸುವುದು ಇವರಿಗೆ ಖುಷಿಯೇ? ಆಮೇಲೆ ಅವರನ್ನೇ ಕೇಳಿದೆ.

“ಹೇಳಿದ್ರ ಅಂವಗ ಕಾಫಿ ಸಿಗ್ತಿರಲಿಲ್ಲಲ್ಲೋ,” ಅಂದು ನಕ್ಕುಬಿಟ್ಟರು.

ಹೀಗೆ ಹಿಡಿತಕ್ಕೆ ಸಿಗದ ಉತ್ತರಗಳು. ನನ್ನ ಅನುಮಾನ ಇದ್ದಲ್ಲೇ ಇತ್ತು.

ಇಲ್ಲಿ ಟೈಲ್ ಕೆಲಸಕ್ಕೂ ಲೈಸೆನ್ಸ್ ಬೇಕು. ಅದಿಲ್ಲದೆ ಯಾವನೋ ಗುತ್ತಿಗೆದಾರನ ಕೈಕೆಳಗೇ ಇರಬೇಕು. ಕೆಲಸದಲ್ಲಿ ನನಗೆ ಯಾರೂ ಕಲಿಸಬೇಕಾಗಿರಲಿಲ್ಲ, ಆದರೆ ಆ ಪರೀಕ್ಷೆ, ಆ ಅರ್ಜಿ, ಎಲ್ಲವೂ ಇಂಗ್ಲಿಷ್. ಎರಡು ಸಲ ಅರ್ಧಕ್ಕೇ ಎದ್ದು ಬಂದಿದ್ದೆ. ಯಾರಿಗೂ ಹೇಳಿರಲಿಲ್ಲ. ಸಿಸ್ಟರಿಗೆ ಹೇಗೋ ವಾಸನೆ ಹತ್ತಿತು. ಒಂದು ಭಾನುವಾರ ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಮನೆಗೆ ಬಂದು ಅಡಿಗೆಮನೆಯ ಮೇಜಿನ ಮುಂದೆ ಕೂತರು.

“ಪುಸ್ತಕ ತಗೊಂಬಾ.”

“ನನಗೆ ಯಾರ ಹೆಲ್ಪೂ ಬೇಡ ಸಿಸ್ಟರ್.”

“ಹೆಲ್ಪ್ ಮಾಡಾಕ ಬಂದಿಲ್ಲೋ. ನನಗ ಈ ಟೈಲ್ಸಿನ ವಿದ್ಯಾ ಕಲೀಬೇಕಾಗೇತಿ. ಬಾತ್ರೂಮಿನ್ಯಾಗ ನೀರ್ ಯಾಕ ಸೋರ್ತೈತಿ, ಹೇಳು.”

ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಅವರು ಅದನ್ನೇ ಇಂಗ್ಲಿಷಿನಲ್ಲಿ ಬರೆಯುತ್ತಾ ಹೋದರು. ಆಮೇಲೆ ಅದನ್ನು ನನ್ನ ಕೈಯಲ್ಲೇ ಓದಿಸಿದರು. ನನ್ನದೇ ಮಾತು, ಬೇರೆ ಅಂಗಿ ಹಾಕಿಕೊಂಡು ನಿಂತ ಹಾಗಿತ್ತು. ಆರು ಭಾನುವಾರ ಹೀಗೇ ನಡೆಯಿತು. ಪರೀಕ್ಷೆ ಪಾಸಾಯಿತು, ಲೈಸೆನ್ಸ್ ಬಂತು, ನನ್ನ ವ್ಯಾನಿನ ಮೇಲೆ ನನ್ನ ಹೆಸರು ಬಂತು. ಅವತ್ತು ಹೆಂಡತಿ ಅತ್ತಳು. ನಾನು ಸಿಸ್ಟರ ಕಾಲಿಗೆ ಬೀಳಬೇಕಾಗಿತ್ತು. ಬೀಳಲಿಲ್ಲ. ಇಷ್ಟೆಲ್ಲ ಯಾಕೆ ಮಾಡಿದರು ಎಂದು ಯೋಚಿಸುತ್ತಾ ಕೂತೆ.

ಮಾರನೆಯ ವರ್ಷ ಅವರು ಸಂಘದ ಅಧ್ಯಕ್ಷ ಸ್ಥಾನಕ್ಕೆ ನಿಂತರು. ಓಹೋ, ಇದಕ್ಕೇ ಅಂದುಕೊಂಡೆ.

ಯಾಕೆಂದರೆ ನನ್ನ ಬಳಿ ಓಟುಗಳಿದ್ದವು. ನಮ್ಮ ಸಂಘದಲ್ಲಿ ಒಂದು ಕುಟುಂಬಕ್ಕೆ ಒಂದು ಓಟು. ಸಭೆ ನಡೆಯುವುದು ಭಾನುವಾರ ಮಧ್ಯಾಹ್ನ. ಆಫೀಸಿನವರಿಗೆ ಅದು ರಜಾ. ಹೋಟೆಲ್ ಅಡಿಗೆಯವರಿಗೆ, ಲಾರಿ ಓಡಿಸುವವರಿಗೆ, ಕ್ಲೀನಿಂಗಿಗೆ ಹೋಗುವವರಿಗೆ ಅದೇ ದೊಡ್ಡ ದುಡಿಮೆಯ ದಿನ. ಬರಲಾಗದವರು ತಮ್ಮ ಓಟನ್ನು ಇನ್ನೊಬ್ಬ ಸದಸ್ಯನಿಗೆ ಬರೆದುಕೊಡಬಹುದು. ಆ ಕಾಗದಕ್ಕೆ ಪ್ರಾಕ್ಸಿ ಅನ್ನುತ್ತಾರೆ. ಕೈಕೆಲಸದ ಒಂಬತ್ತು ಮನೆಯವರು ಪ್ರತಿ ಸಲ ನನಗೇ ಬರೆದುಕೊಡುತ್ತಿದ್ದರು. “ಅಣ್ಣ, ನಿನಗೆ ಗೊತ್ತಲ್ಲ ಯಾರಿಗೆ ಅಂತ,” ಅನ್ನುವರು. ಈ ಸಲ ಯಾರಿಗೆ ಎಂಬುದರಲ್ಲಿ ಅವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅವರಲ್ಲಿ ಸಿಸ್ಟರು ಕಾಲಿಡದ ಮನೆಯಿರಲಿಲ್ಲ.

ಎದುರಿಗೆ ನಿಂತವರು ಮೈಸೂರಿನ ಕಡೆಯ ಒಬ್ಬ ಡಾಕ್ಟರು. ಹೃದ್ರೋಗ ತಜ್ಞರು, ಒಳ್ಳೆಯ ಹೆಸರು, ಮೆತ್ತಗಿನ ಮಾತು. ಸಂಘಕ್ಕೆ ಸೇರಿ ಎರಡು ವರ್ಷವಾಗಿತ್ತು. ನಾರ್ವೆಸ್ಟ್ ಬಿಸಿನೆಸ್ ಪಾರ್ಕಿನ ಹತ್ತಿರ ದೊಡ್ಡ ಮನೆ ಕಟ್ಟಿಸಿ, ಮೇಲಿನ ಬಾತ್ರೂಮಿನ ಕೆಲಸ ನನಗೆ ಕೊಟ್ಟಿದ್ದರು.

ಅಮೆರಿಕದಲ್ಲಿ ಒಬ್ಬ ಹೆಣ್ಣುಮಗಳು ಅಧ್ಯಕ್ಷ ಪದವಿಗೆ ನಿಂತಿದ್ದ ವರ್ಷ ಅದು. ಅಲ್ಲಿ ಓಟು ಎಣಿಸುವಾಗ ಇಲ್ಲಿ ಮಾರನೆಯ ದಿನದ ಮಧ್ಯಾಹ್ನ. ಡಾಕ್ಟರ ಮನೆಯಲ್ಲಿ ಸಂಘದ ಮೂರು ಜನ ಸೇರಿ ಟಿವಿ ಹಾಕಿಕೊಂಡು ಕೂತಿದ್ದರು. ಡಾಕ್ಟರೂ ರಜಾ ಹಾಕಿದ್ದರು. ನಾನು ಮೇಲೆ ಟೈಲಿನ ಸಂದಿಗೆ ತುಂಬಿದ ಗ್ರೌಟ್ ಒರೆಸುತ್ತಿದ್ದೆ. ಮೆಟ್ಟಿಲ ಬಾಯಿಯಿಂದ ಮಾತು ನೇರ ಮೇಲಕ್ಕೆ ಬರುತ್ತಿತ್ತು.

“ಮುಗೀತು ಬಿಡಿ, ಹೋಯ್ತು,” ಅಂದರು ಒಬ್ಬರು.

“ಹೆಂಗಸು, ಅದರ ಮೇಲೆ ಕಲರ್. ಎರಡೂ ಒಟ್ಟಿಗೆ ಕಷ್ಟಾರೀ. ಪರ್ಸನಲಿ ನಾನಾಗಿದ್ರೆ ಹಾಕ್ತಿದ್ದೆ. ಆದ್ರೆ ಜನ ರೆಡಿ ಇಲ್ಲ.”

“ಎಕ್ಸ್‌ಪೀರಿಯೆನ್ಸ್ ಇತ್ತಲ್ಲ ಆಕೆಗೆ?”

“ಎಕ್ಸ್‌ಪೀರಿಯೆನ್ಸ್ ಯಾರು ನೋಡ್ತಾರೆ? ಮುಖ ನೋಡ್ತಾರೆ. ನಾನು ಹೇಳ್ತಿರೋದು ನನ್ನ ಮಾತಲ್ಲ, ಜನರದ್ದು.”

ಆಮೇಲೆ ಅದೇ ದನಿ, “ನಮ್ಮ ಸಂಘದ್ದೂ ಅದೇ ಕತೆ ನೋಡಿ. ಸಿಸ್ಟರ್ ಈಸ್ ಎ ಜೆಮ್. ಆದ್ರೆ ನಾಳೆ ಯಾರೋ ಮಿನಿಸ್ಟರ್ ಬಂದಾಗ ಇವರೇ ನಮ್ಮ ಕನ್ನಡ ಸಂಘದ ಅಧ್ಯಕ್ಷೆ ಅಂತ ನಿಲ್ಲಿಸಿದ್ರೆ ಅವರು ಏನಂದ್ಕೋತಾರೆ? ನಮಗೇನಿಲ್ಲಪ್ಪ. ಬೇರೆಯವರು.”

ನಾನು ಕೈ ನಿಲ್ಲಿಸಿ ಕೇಳಿಸಿಕೊಂಡೆ. ನಾಲ್ಕು ಜನ ಇದ್ದರು, ನಾಲ್ವರಿಗೂ ಏನೂ ಇರಲಿಲ್ಲ. ಇದ್ದದ್ದೆಲ್ಲ ಬೇರೆಯವರಿಗೆ. ಆ ಬೇರೆಯವರು ಯಾರು, ಯಾವ ಸಬರ್ಬಿನಲ್ಲಿದ್ದಾರೆ, ನನಗೆ ಇವತ್ತಿಗೂ ಪತ್ತೆಯಾಗಿಲ್ಲ.

ಅಷ್ಟರಲ್ಲಿ ಡಾಕ್ಟರು ಮೇಲೆ ಬಂದರು. ಸ್ವತಃ ಕಾಫಿ ತಂದಿದ್ದರು. ಬಾತ್‌ಟಬ್ಬಿನ ಅಂಚಿನ ಮೇಲೆ ಕೂತು, ಗೋಡೆ ಸವರಿ, “ಎಂಥ ಫಿನಿಶಿಂಗ್! ನೀವು ಆರ್ಟಿಸ್ಟ್ ಕಣ್ರೀ,” ಅಂದರು. “ಬನ್ನಿ, ಕೆಳಗೆ ನಮ್ಮ ಜೊತೆ ಕೂತ್ಕೊಳ್ಳಿ.”

“ಬಟ್ಟೆಯೆಲ್ಲ ಸಿಮೆಂಟು ಸಾರ್.”

“ಅಯ್ಯೋ, ಅದಕ್ಕೇನು. ನೋಡಿ, ಮುಂದಿನ ಕಮಿಟಿಯಲ್ಲಿ ನಿಮ್ಮಂಥ ಹಾರ್ಡ್ ವರ್ಕಿಂಗ್ ಜನ ಬೇಕು. ಬರೀ ನಮ್ಮಂಥೋರೇ ಆದ್ರೆ ಹೇಗೆ?”

ಹೊಗಳಿಕೆ ನನಗೆ ಗೊತ್ತು. ಕೆಲಸ ಮಾಡಿಸಿಕೊಳ್ಳುವವರು ಮೊದಲು ಹಾಕುವ ಸಾಮಾನು ಅದು. ಅದಕ್ಕೆ ನಾನು ಬೀಳಲಿಲ್ಲ. ಬಿದ್ದದ್ದು ಮುಂದಿನ ಮಾತಿಗೆ.

“ಲೈಸೆನ್ಸ್ ಪಾಸ್ ಮಾಡಿದ್ರಂತೆ, ಕಂಗ್ರಾಜುಲೇಶನ್ಸ್. ಸಿಸ್ಟರ್ ಕೂತು ಹೇಳಿಕೊಟ್ರಂತಲ್ಲ. ಪಾಪ, ಓದೋಕೆ ಬರೆಯೋಕೆ ಬರಲ್ಲ ಅವರಿಗೆ, ನಾನೇ ಎಲ್ಲ ಬರೆದುಕೊಟ್ಟೆ ಅಂತ... ಇರಲಿ ಬಿಡಿ. ಅವರು ಒಳ್ಳೇ ಅರ್ಥದಲ್ಲೇ ಹೇಳಿರ್ತಾರೆ.”

ನನ್ನ ಕಿವಿ ಕಾದ ಹಂಚಾಯಿತು. ಓದೋಕೆ ಬರೆಯೋಕೆ ಬರಲ್ಲ. ಏಳನೇ ಕ್ಲಾಸಿನವರೆಗೆ ಕನ್ನಡದಲ್ಲಿ ಮೊದಲಿಗ ನಾನು. ಅಪ್ಪ ಹಾಸಿಗೆ ಹಿಡಿದರು, ಅದಕ್ಕೆ ಸ್ಕೂಲು ಬಿಟ್ಟೆ. ಸಿಸ್ಟರಿಗೆ ಅದೆಲ್ಲ ಹೇಳಿಕೊಂಡಿದ್ದೆ, ಆ ಅಡಿಗೆಮನೆಯ ಮೇಜಿನ ಮುಂದೆ ಕೂತು. ಅದನ್ನು ಊರೆಲ್ಲ ಹಂಚಿದ್ದಾರೆ. ಓಟಿಗಾಗಿ ನನ್ನನ್ನು ಬಡಪಾಯಿ ಮಾಡಿ ತೋರಿಸಿದ್ದಾರೆ. ಎಂಟು ವರ್ಷ ಕುಟ್ಟಿದ್ದಕ್ಕೆ ಕೊನೆಗೂ ಟೊಳ್ಳು ಸದ್ದು ಬಂತು ಅಂದುಕೊಂಡೆ. ಆ ಮಾತನ್ನು ತಂದವರು ಯಾರು, ಯಾಕೆ ತಂದರು, ಅದನ್ನು ಮಾತ್ರ ಕುಟ್ಟಿ ನೋಡಲಿಲ್ಲ.

ಸಭೆ ಎಪ್ಪಿಂಗ್‌ನ ಒಂದು ಹಾಲಿನಲ್ಲಿ ನಡೆಯಿತು. ಡಾಕ್ಟರು ಮೊದಲು ಮಾತಾಡಿದರು. ಸಂಘ ಎಂಟು ವರ್ಷದಲ್ಲಿ ಏನೇನು ಸಾಧಿಸಿದೆ ಎಂದು ಕಾಗದ ನೋಡಿ ಓದಿದರು. ಅದು ಸಿಸ್ಟರೇ ಬರೆದ ವರದಿ. ಸಿಸ್ಟರ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಆಮೇಲೆ ಇವರ ಸರದಿ. “ನಾನು ಭಾಷಣ ಮಾಡೂದಿಲ್ರೀ. ಎಂಟು ವರ್ಷ ನನ್ನ ಕೆಲಸ ನೋಡೀರಿ. ಏನರೆ ಕೇಳೂದಿದ್ರ ಕೇಳ್ರಿ,” ಅಂದರು.

ಒಬ್ಬ ಹಿರಿಯರು ಎದ್ದರು. “ಮೇಡಂ, ತಪ್ಪು ತಿಳ್ಕೋಬೇಡಿ. ಮನೆಯಲ್ಲಿ ನೀವು ಮಾತಾಡೋ ಭಾಷೆ ಯಾವುದು?”

“ಮನಿಯಾಗ ನಾನೊಬ್ಬಾಕೀನೇ ಇರ್ತೀನ್ರಿ. ಬೈಕೊಳ್ಳೂದು ಕನ್ನಡದಾಗ.”

ಇಡೀ ಸಭೆ ನಕ್ಕಿತು. ಆದರೆ ಆ ನಗು ಬೇಗ ಮುಗಿಯಿತು. ಮುಂದಿನ ಸಾಲಿನ ಒಬ್ಬ ಆಂಟಿ ಪ್ರೀತಿಯಿಂದಲೇ ಹೇಳಿದರು, “ನೀವು ಸೆಕ್ರೆಟರಿಯಾಗೇ ಚೆಂದ ಸಿಸ್ಟರ್. ನೀವು ಮೇಲೆ ಕೂತ್ರೆ ಕೆಳಗಿನ ಕೆಲಸ ಯಾರು ನೋಡ್ತಾರೆ?” ಇನ್ನೊಬ್ಬರು, “ಡಾಕ್ಟರಿಗೆ ಲೀಡರ್‌ಶಿಪ್ ಅನುಭವ ಇದೆ,” ಅಂದರು. ಕುರ್ಚಿ ಹಾಕಿಸಿದ್ದು ಅನುಭವದ ಲೆಕ್ಕಕ್ಕೆ ಬರಲಿಲ್ಲ, ಕುರ್ಚಿಯಲ್ಲಿ ಕೂತದ್ದು ಬಂತು.

ಓಟಿನ ಚೀಟಿ ಕೊಟ್ಟರು. ನನಗೆ ಹತ್ತು ಚೀಟಿ, ಒಂದು ನನ್ನದು, ಒಂಬತ್ತು ಪ್ರಾಕ್ಸಿಯವು. ಹತ್ತಕ್ಕೂ ಡಾಕ್ಟರ ಹೆಸರಿನ ಮುಂದೆ ಗುರುತು ಹಾಕಿದೆ. ಬೇಗ ಬೇಗ ಹಾಕಿದೆ, ಅದು ನೆನಪಿದೆ.

ಏಳು ಓಟಿನಿಂದ ಸಿಸ್ಟರ್ ಸೋತರು.

ಚಪ್ಪಾಳೆ, ಹಾರ, ಫೋಟೋ ಎಲ್ಲ ಆಯಿತು. ಅಷ್ಟರಲ್ಲಿ ಯಾರೋ ಸಭೆಯ ನಡಾವಳಿ ಬರೆಯಬೇಕಲ್ಲ ಎಂದು ನೆನಪು ಮಾಡಿದರು. ಒಬ್ಬರ ಮುಖ ಒಬ್ಬರು ನೋಡಿದರು. ಸಿಸ್ಟರ್ ತಲೆಯಿಂದ ಪೆನ್ನು ತೆಗೆದು, ಪುಸ್ತಕ ಎಳೆದುಕೊಂಡು, ತಾವು ಸೋತದ್ದನ್ನು ತಾವೇ ದುಂಡಗಿನ ಅಕ್ಷರದಲ್ಲಿ ಬರೆದು, ಹೊಸ ಅಧ್ಯಕ್ಷರಿಂದ ಸಹಿ ಹಾಕಿಸಿಕೊಂಡರು. ನಾನು ಬಾಗಿಲ ಬಳಿ ನಿಂತಿದ್ದೆ. ಹೊರಗೆ ಹೋಗುವಾಗ, “ಹುಡುಗ್ರೆಲ್ಲಾ ಪ್ರಾಕ್ಸಿ ಕಳಿಸಿದ್ರೇನು ತಮ್ಮಾ?” ಅಂದರು.

“ಹೂಂ ಸಿಸ್ಟರ್. ಕಳಿಸಿದ್ರು.”

“ಪಾಪ, ಒಳ್ಳೆ ಮಂದಿ.”

ಎರಡು ತಿಂಗಳಿಗೆ ಅವರು ಮನೆ ಖಾಲಿ ಮಾಡಿ ಮೆಲ್ಬರ್ನಿಗೆ ಮಗಳ ಹತ್ತಿರ ಹೋದರು. ಸೋತ ಬೇಜಾರಿಗೆ ಓಡಿಹೋದರು ಅಂತ ಸಂಘದಲ್ಲಿ ಮಾತಾಯಿತು. ಹೊಟ್ಟೆಯಲ್ಲಿ ಕ್ಯಾನ್ಸರ್ ಅಂತ ಆಗಲೇ ಗೊತ್ತಾಗಿತ್ತು ಅವರಿಗೆ. ಯಾರಿಗೂ ಹೇಳಿರಲಿಲ್ಲ.

ಕಮಿಟಿಯಲ್ಲಿ ನನ್ನ ಹೆಸರು ಬರಲಿಲ್ಲ. ಅದರ ಬಗ್ಗೆ ಒಂದು ದಿನ ಊಟದ ಹೊತ್ತಿನಲ್ಲಿ ಗೊಣಗುತ್ತಾ, ಸಿಸ್ಟರು ನನ್ನ ಮರ್ಯಾದೆ ತೆಗೆದ ಕತೆಯನ್ನೂ ಹೆಂಡತಿಗೆ ಹೇಳಿದೆ. ಅವಳು ತುತ್ತು ಕೈಯಲ್ಲಿಟ್ಟುಕೊಂಡು ನನ್ನನ್ನೇ ನೋಡಿದಳು.

“ಸಿಸ್ಟರ್ ಯಾಕೆ ಹೇಳ್ತಾರ್ರೀ? ನಾನೇ ಹೇಳಿದ್ದು. ಡಾಕ್ಟರ ಮನೇಲಿ ಅರಿಶಿನ ಕುಂಕುಮಕ್ಕೆ ಕರೆದಿದ್ರಲ್ಲ, ಆಗ. ನಮ್ಮೋರು ಲೈಸೆನ್ಸ್ ಪಾಸಾದ್ರು, ಸಿಸ್ಟರ್ ಬಂದು ಜೊತೇಲಿ ಕೂತ್ಕೊಂಡಿದ್ರು ಅಂತ ಹೆಮ್ಮೆಯಿಂದ ಹೇಳ್ದೆ. ಹೇಳಬಾರದಿತ್ತಾ?”

“ಓದೋಕೆ ಬರಲ್ಲ ಅಂದ್ಯಾ?”

“ನಿಮ್ಮ ತಲೆ. ಕ್ಲಾಸಿಗೆ ಫಸ್ಟ್ ಬರ್ತಿದ್ರು ಅಂದೆ.”

ಮುಂದಿನ ಶನಿವಾರ ಬೆಳಿಗ್ಗೆ ವ್ಯಾನು ತೆಗೆದು ಹೊರಟೆ. ಸಂಜೆಗೆ ಮೆಲ್ಬರ್ನಿನ ಟಾರ್ನೀಟ್‌ನಲ್ಲಿದ್ದ ಮಗಳ ಮನೆ ಮುಟ್ಟಿದೆ. ಬಾಗಿಲು ತೆಗೆದ ಮಗಳು ಒಳಕ್ಕೆ ತಿರುಗಿ, “ಮಮ್, ಸಿಡ್ನಿ ಅಂಕಲ್ ಈಸ್ ಹಿಯರ್,” ಅಂದಳು. ಸಿಸ್ಟರ್ ಕಿಟಕಿಯ ಬಳಿ ಕುರ್ಚಿಯಲ್ಲಿದ್ದರು. ಔಷಧಿಗೆ ಕೂದಲೆಲ್ಲ ಹೋಗಿತ್ತು. ಎರಡೂ ಪೆನ್ನು ಪಕ್ಕದ ಸ್ಟೂಲಿನ ಮೇಲಿದ್ದವು.

ಕೂತುಕೊಳ್ಳುವ ಮೊದಲೇ ಎಲ್ಲ ಹೇಳಿದೆ. ಹತ್ತು ಚೀಟಿ, ಡಾಕ್ಟರ ಮಾತು, ಹೆಂಡತಿಯ ಮಾತು. ತಪ್ಪಾಯ್ತು ಅಂದೆ.

“ನಿನ್ನ ಒಂದ್ ಓಟು ನಿಂದು. ಅದಕ್ಕ ಮಾಫಿ ಯಾಕ ಕೇಳ್ತಿ? ನನಗ ಹಾಕಬೇಕು ಅಂತ ಬರದೈತೇನು?” ಅಂದರು. “ಒಂದ್ ಮಾತ್ ಕೇಳ್ತೀನಿ, ಹೇಳು. ನಾನು ಬಂದು ನಿನಗ, ಡಾಕ್ಟರು ಹಿಂಗಂದ್ರು, ನಿನಗ ಓದಾಕ ಬರೂದಿಲ್ಲ ಅಂದ್ರು ಅಂತ ಹೇಳಿದ್ರ, ಏನ್ ಮಾಡ್ತಿದ್ದಿ?”

“ಅವರನ್ನೇ ಹೋಗಿ ಕೇಳ್ತಿದ್ದೆ.”

“ಹೌದಲ್ಲ? ಮತ್ತ ನನ್ನ ಬಗ್ಗೆ ಹೇಳಿದಾಗ ನನ್ನ ಯಾಕ ಬಂದು ಕೇಳಲಿಲ್ಲ?”

ಡಾಕ್ಟರ ಮನೆಯ ಕೆಳಗಿನ ಮಹಡಿಯಲ್ಲಿ ಕೂತವರ ಮಾತಿಗೆ ನಾನು ಒಳಗೊಳಗೇ ನಕ್ಕಿದ್ದೆ. ನನ್ನಲ್ಲಿ ಅಂಥದ್ದೇನಿಲ್ಲ, ನಾನು ಕೈಕೆಲಸದವನು ಎಂದು ತಿಳಿದಿದ್ದೆ. ಎಂಟು ವರ್ಷ ಆ ಹೆಂಗಸನ್ನು ನಾನು ಕುಟ್ಟಿದ್ದು ಯಾಕೆ, ಎರಡು ವರ್ಷದ ಪರಿಚಯದ ಡಾಕ್ಟರನ್ನು ಒಮ್ಮೆಯೂ ಕುಟ್ಟದೆ ಬಿಟ್ಟದ್ದು ಯಾಕೆ? ಹೆಂಗಸು ಅಂತಲೋ, ಬಣ್ಣ ಅಂತಲೋ, ಮೊದಲ ದಿನ ಬಾಗಿಲಲ್ಲಿ ಕಂಡದ್ದು ಕೊನೆತನಕ ನನ್ನ ಕಣ್ಣಿನಲ್ಲೇ ಉಳಿದಿತ್ತು ಅಂತಲೋ. ಯಾವುದನ್ನು ಬಾಯಿಬಿಟ್ಟು ಹೇಳಲಿ?

ಅವರು ಉತ್ತರಕ್ಕೆ ಕಾಯಲಿಲ್ಲ. “ಅದಿರಲಿ. ಆ ಒಂಬತ್ತು ನಿನ್ನವಲ್ಲ. ಅವರಿಗೆ ಹೇಳೀಯೇನು?”

“ಇಲ್ಲ ಸಿಸ್ಟರ್.”

“ಮತ್ತ ನನ್ನ ಮುಂದ ಯಾಕ ಅಳ್ತಿ? ನಿಂದು ಅಲ್ಲಿ ಐತಿ ಕೆಲಸ. ಮನಿಮನಿಗೆ ಹೋಗಿ ಹೇಳು. ಫೋನಿನ್ಯಾಗ ಅಲ್ಲ, ಎದುರಿಗೆ ನಿಂತು. ಈಗ ಕೈಕಾಲು ತೊಳಕೊ, ಉಣ್ಣು.”

ಕ್ಷಮಿಸಿದೆ ಅನ್ನಲಿಲ್ಲ. ಕ್ಷಮಿಸುವುದಿಲ್ಲ ಅಂತಲೂ ಅನ್ನಲಿಲ್ಲ. ಮಗಳು ಮಾಡಿದ್ದ ಸಾರನ್ನು ತಾವೇ ಎದ್ದು ಬಡಿಸಿದರು.

ಒಂಬತ್ತು ಮನೆ ಅಂದರೆ ಎಷ್ಟು ದೂರ ಅಂತ ಆಮೇಲೆ ಗೊತ್ತಾಯಿತು. ಕೆಲವರ ಮನೆ ನನ್ನ ಮನೆಯಿಂದ ನಡೆದುಕೊಂಡು ಹೋಗುವಷ್ಟು ಹತ್ತಿರ. ಬಾಗಿಲ ತನಕ ಹೋಗಿ ವಾಪಸ್ ಬಂದದ್ದೂ ಇದೆ. ಮೊದಲ ಮನೆಯವನು, ಹೋಟೆಲಿನಲ್ಲಿ ದೋಸೆ ಹಾಕುವವನು, “ಅಯ್ಯೋ ಬಿಡಣ್ಣ, ಸಂಘ ತಾನೇ,” ಅಂದ. ಅವನ ಹೆಂಡತಿ ಒಳಗಿನಿಂದ ಬಂದಳು. “ನಮ್ಮ ಮಗು ಐಸಿಯುನಲ್ಲಿದ್ದಾಗ ಮೂರು ದಿನ ಯಾರಣ್ಣ ನಮ್ಮ ಜೊತೆ ಕೂತಿದ್ದು? ಡಾಕ್ಟರಾ?” ಅಂದಳು. ಮುಂದಿನ ಸಲದಿಂದ ಕಾಗದ ಕೊಡುವುದಿಲ್ಲ, ಕೆಲಸಕ್ಕೆ ರಜಾ ಹಾಕಿ ನಾನೇ ಬರುತ್ತೇನೆ ಅಂದಳು. ಇನ್ನೊಬ್ಬ ಮಾತಾಡದೆ ಬಾಗಿಲು ಹಾಕಿಕೊಂಡ. ಅವನು ನನಗೆ ಕೆಲಸ ಹುಡುಕಿಕೊಡುತ್ತಿದ್ದ ಗೆಳೆಯ. ಇವತ್ತಿಗೂ ಮಾತಿಲ್ಲ.

ವಾರಕ್ಕೊಮ್ಮೆ ಸಿಸ್ಟರ ಫೋನ್ ಬರುತ್ತಿತ್ತು. ಹೇಗಿದ್ದೀರಿ ಎಂದು ಕೇಳಲು ಬಿಡುತ್ತಿರಲಿಲ್ಲ.

“ಎಷ್ಟ್ ಮನಿ ಆತು?”

“ಐದು.”

“ಬಾಳ ನಿಧಾನ ಮಾಡ್ತಿ. ಟೈಲ್ಸ್ ಹಿಂಗ ಹಾಕ್ತೀಯೇನು?”

ಒಮ್ಮೆ ಆರು ಆಗಿದ್ದಾಗ ಏಳು ಅಂದುಬಿಟ್ಟೆ. “ಏಳನೇದು ಯಾರ ಮನಿ?” ಅಂದರು. ಅವತ್ತೇ ಸಂಜೆ ಹೋಗಿ ಏಳನೆಯದು ಮುಗಿಸಿದೆ. ಕೊನೆಯ ಸಲ ಮಾತಾಡಿದಾಗ ದನಿ ಸಣ್ಣದಾಗಿತ್ತು. ಎಂಟಾಗಿತ್ತು. “ಒಂದ್ ಉಳೀತು,” ಅಂದರು. “ಹೂಂ ಸಿಸ್ಟರ್. ಅವನು ಲಾರಿಯವನು. ಪರ್ತ್ ಕಡೆ ಓಡಿಸ್ತಾನೆ, ಊರಲ್ಲಿ ಸಿಗಲ್ಲ,” ಅಂದೆ. “ನೆಪ ಅಲ್ಲಲ್ಲ?” “ಅಲ್ಲ ಸಿಸ್ಟರ್.” “ಹಂಗಾರ ಕಾಯಿ. ಬಂದಾಗ ಹೇಳು.”

ಒಂಬತ್ತು ದಿನಕ್ಕೆ ಮಗಳು ಫೋನ್ ಮಾಡಿದಳು.

ಮೆಲ್ಬರ್ನಿನ ಚರ್ಚಿನಲ್ಲಿ ನಾವು ಸಿಡ್ನಿಯಿಂದ ಹೋದವರು ಆರು ಜನ. ಸಂಘದ ಹೆಸರಿನಲ್ಲಿ ದೊಡ್ಡ ಹೂಚಕ್ರ ಬಂದಿತ್ತು. ವಾಟ್ಸಾಪ್ ಗುಂಪಿನಲ್ಲಿ ಡಾಕ್ಟರು, ನಮ್ಮ ಹಿರಿಯ ಕಾರ್ಯಕರ್ತೆಯೊಬ್ಬರನ್ನು ಕಳೆದುಕೊಂಡಿದ್ದೇವೆ ಎಂದು ಹಾಕಿದ್ದರು. ಕೈಮುಗಿದ ಚಿತ್ರಗಳು ಕೆಳಗೆ ಸಾಲಾಗಿ ಬಿದ್ದವು. ಎಂಟು ವರ್ಷ ಕಾರ್ಯದರ್ಶಿಯಾಗಿದ್ದರು ಎಂದೂ ಬರೆದಿರಲಿಲ್ಲ. ಕಾರ್ಯಕರ್ತೆ.

ಲಾರಿಯವನು ಊರಿಗೆ ಬಂದದ್ದು ಮೂರು ವಾರದ ಮೇಲೆ. ಭಾನುವಾರ ಬೆಳಿಗ್ಗೆ ಅವನ ಮನೆಗೆ ಹೋದೆ. ದಾವಣಗೆರೆ ಕಡೆಯವನು, ನನ್ನ ಹಾಗೇ ಸ್ಕೂಲು ಬಿಟ್ಟವನು. ಗಂಡ ಹೆಂಡತಿ ಇಬ್ಬರೂ ಸಂಘದ ಗುಂಪಿನಲ್ಲೂ ಇಲ್ಲ, ಫಂಕ್ಷನ್ನಿಗೂ ಬರುವುದಿಲ್ಲ. ಬಾಗಿಲು ತೆಗೆದವನೇ ನನ್ನ ಎರಡೂ ಕೈ ಹಿಡಿದುಕೊಂಡ.

“ಬಾರಣ್ಣ. ನನ್ನ ಹೆಂಡ್ತಿ ಫೋನ್ ಮಾಡಿ ಹೇಳಿದ್ಲು. ನಮ್ಮ ಅಧ್ಯಕ್ಷರು ಹೋಗ್ಬಿಟ್ರಂತಲ್ಲ.”

“ಯಾವ ಅಧ್ಯಕ್ಷರು?”

“ಸಿಸ್ಟರ್ ಕಣಣ್ಣ, ಇನ್ಯಾರು? ನಿನ್ನ ಕೈಗೆ ಸೈನ್ ಹಾಕಿ ಕೊಟ್ಟು ಹೋದ್ನಲ್ಲ. ಗೆದ್ದೇ ಗೆಲ್ತಾರೆ ಬಿಡು, ಅಲ್ಲಿ ಇನ್ಯಾರಿದಾರೆ ಅಂತ ಹೊರಟೆ. ದಾರಿ ಉದ್ದಕ್ಕೂ ಢಾಬಾ ಸಿಕ್ಕಲ್ಲೆಲ್ಲ ಪಂಜಾಬಿ ಡ್ರೈವರುಗಳಿಗೆ ಹೇಳ್ಕೊಂಡು ತಿರುಗ್ತಿದೀನಿ. ಅಮೆರಿಕದೋರ ಕೈಲಿ ಆಗ್ಲಿಲ್ಲ, ನಾವು ಕನ್ನಡದೋರು ಮಾಡಿ ತೋರಿಸಿದ್ವಿ ಅಂತ.” ಕಣ್ಣೊರೆಸಿಕೊಂಡ. “ಒಂದು ಸಲ ಬಂದು ಕೈಮುಗೀಬೇಕಿತ್ತು ಅಣ್ಣ. ಆಗ್ಲೇ ಇಲ್ಲ.”

ಅವನ ಹೆಂಡತಿ ಟೀ ತಂದಿಟ್ಟಳು. ಹಾಗೇ ಬಿಟ್ಟುಬಿಡಬಹುದಿತ್ತು. ಈ ಇಡೀ ದೇಶದಲ್ಲಿ ಒಂದೇ ಒಂದು ಮನೆಯಲ್ಲಿ ಅವರು ಅಧ್ಯಕ್ಷರಾಗಿದ್ದರು. ಅದನ್ನೂ ಹೋಗಿ ಕೆಡಿಸುವವನು ನಾನೇ ಆಗಬೇಕೇ ಅನ್ನಿಸಿತು. ಇನ್ನು ಫೋನ್ ಮಾಡಿ ಲೆಕ್ಕ ಕೇಳುವವರೂ ಇರಲಿಲ್ಲ.

ಟೀ ಮುಟ್ಟಲಿಲ್ಲ. “ಕೂತ್ಕೋ,” ಅಂದೆ, ಅವನ ಮನೆಯಲ್ಲಿ ಅವನಿಗೇ. ಅವನು ಕೂತ. ನಾನು ನಿಂತುಕೊಂಡೇ ಹೇಳಿದೆ.